ಕಾಡು ಯಾವುದು, ಬೆಟ್ಟ ಯಾರದು? ಎರಡು ಸರ್ಕಾರಗಳ ಕಾನೂನು ಮತ್ತು ಗ್ರಾಮಸಭೆ

(ಉಪನ್ಯಾಸದ ಬರಹರೂಪ)



ಮಲೆನಾಡಿನ ಕೃಷಿಕನಿಗೆ ತೋಟ ಮತ್ತು ಬೆಟ್ಟ ಎಂಬುವು ಎರಡಲ್ಲ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಅಡಿಕೆಯ ಬುಡವನ್ನು ಸೇರುತ್ತದೆ; ದರಕಿನ ಹೊದಿಕೆ ಮಣ್ಣಿನ ತೇವವನ್ನು ಕಾಯುತ್ತದೆ. ಆದರೆ ಕಾನೂನಿನ ಕಡತದಲ್ಲಿ ಇವೆರಡೂ ಬೇರೆ ಬೇರೆ. ತೋಟಕ್ಕೆ ಪಹಣಿಯಿದೆ. ಬೆಟ್ಟವಾದರೋ ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವೆ, ರಾಜ್ಯ ಮತ್ತು ಕೇಂದ್ರ ಶಾಸನಗಳ ನಡುವೆ ನಿಂತಿದೆ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಮು ಸೊಪ್ಪಿನಬೆಟ್ಟ, ಕಾನು, ಕುಮ್ಕಿ, ಬಾಣೆ, ಹಾಡಿ ಮೊದಲಾದ ಭೂಮಿಗಳಲ್ಲಿ ಹಿಂದಿನಿಂದ ಬಂದ ಸೌಲಭ್ಯಗಳನ್ನು ಮುಂದುವರಿಸಿತು. ಇದು ಸೌಲಭ್ಯವೇ ಹೊರತು ಒಡೆತನವಲ್ಲ ಎಂಬುದನ್ನು ಮರೆಯಬಾರದು. ಅರಣ್ಯವೆಂಬ ವಿಷಯ ಮೊದಲು ರಾಜ್ಯಪಟ್ಟಿಯಲ್ಲಿತ್ತು. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಈ ಪಟ್ಟಿಯ ವಿಷಯಗಳಲ್ಲಿ ಎರಡು ಶಾಸನಗಳು ಪರಸ್ಪರ ವಿರೋಧಿಸಿದರೆ ಸಾಮಾನ್ಯವಾಗಿ ಕೇಂದ್ರದ ಶಾಸನವೇ ನಿಲ್ಲುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಅರಣ್ಯೇತರ ಕಾರ್ಯಕ್ಕೆ ಕೊಡುವ ಅಧಿಕಾರ ರಾಜ್ಯಕ್ಕೆ ಉಳಿಯಲಿಲ್ಲ.

ಹಾಗಾದರೆ ಅರಣ್ಯವೆಂದರೆ ಯಾವುದು? 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಉತ್ತರಿಸಿತು. ಒಡೆತನ ಯಾರದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದು ಅರಣ್ಯ; ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಬರೆದಿರುವುದೂ ಅರಣ್ಯ. ಪರಿಭಾವಿತ ಅರಣ್ಯ, ಅಂದರೆ ಡೀಮ್ಡ್ ಅರಣ್ಯ, ಹುಟ್ಟಿದ್ದು ಹೀಗೆ. ಕರ್ನಾಟಕದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಿದ್ದ ಈ ವಿಸ್ತೀರ್ಣವನ್ನು 2022ರಲ್ಲಿ ರಾಜ್ಯ ಸರ್ಕಾರ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಮನೆ, ಶಾಲೆ, ಸಾಗುವಳಿ ಇರುವ ನೆಲ ಪಟ್ಟಿಯಿಂದ ಬಿಟ್ಟುಹೋದರೆ ಬಡವನಿಗೆ ನೆಮ್ಮದಿ. ಆದರೆ ಹಳ್ಳದ ಮೂಲವನ್ನು ಕಾಯುವ ಕಾನು ಬಿಟ್ಟುಹೋದರೆ ನಷ್ಟ ಇಡೀ ಊರಿಗೆ. ಆದ್ದರಿಂದ ತಮ್ಮೂರಿನ ಯಾವ ಸರ್ವೆ ನಂಬರು ಒಳಗಿದೆ, ಯಾವುದು ಹೊರಗಿದೆ ಎಂಬುದನ್ನು ಗ್ರಾಮಸ್ಥರೇ ನೋಡಬೇಕು.

2023ರ ತಿದ್ದುಪಡಿ ಈ ಪ್ರಶ್ನೆಯನ್ನು ಮತ್ತೆ ಎತ್ತಿದೆ. ಅದರಂತೆ, ಕಾನೂನಿನ ಮೂಲಕ ಅರಣ್ಯವೆಂದು ಘೋಷಿತವಾದ ಭೂಮಿ ಮತ್ತು 1980ರ ಅಕ್ಟೋಬರ್ 25ರಂದು ಅಥವಾ ಅನಂತರ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಭೂಮಿ ಮಾತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ದಾಖಲೆಗೆ ಸೇರದ ಕಾಡಿಗೆ ರಕ್ಷಣೆ ತಪ್ಪುವ ಭಯ ಇಲ್ಲಿಂದಲೇ ಹುಟ್ಟಿತು. 2024ರ ಫೆಬ್ರವರಿ 19ರಂದು ಸರ್ವೋಚ್ಚ ನ್ಯಾಯಾಲಯವು ಮಧ್ಯಂತರ ಆದೇಶವಿತ್ತು, 1996ರ ವಿಶಾಲಾರ್ಥವನ್ನೇ ಸದ್ಯಕ್ಕೆ ಪಾಲಿಸುವಂತೆ ಸೂಚಿಸಿತು.

ಅದೇ ವರ್ಷದ ಜುಲೈ 31ರಂದು ಕೇಂದ್ರವು ಪಶ್ಚಿಮಘಟ್ಟದ ಪರಿಸರಸೂಕ್ಷ್ಮ ಪ್ರದೇಶದ ಆರನೆಯ ಕರಡನ್ನು ಪ್ರಕಟಿಸಿತು. ಆರು ರಾಜ್ಯಗಳ 56,825.7 ಚದರ ಕಿ.ಮೀ.ಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ತಿರಸ್ಕರಿಸಿತು. ಗಣಿಗಾರಿಕೆ, ಕಲ್ಲುಕ್ವಾರಿಗಳ ನಿಷೇಧ ಕರಡಿನ ಮುಖ್ಯ ಅಂಶ. ಆದರೆ ಹಳ್ಳಿಗಳಿಗೆ ತಲುಪಿದ್ದು 'ಒಕ್ಕಲೆಬ್ಬಿಸುತ್ತಾರೆ' ಎಂಬ ಸುದ್ದಿಯೇ ಹೆಚ್ಚು. ಕರಡನ್ನು ಕನ್ನಡದಲ್ಲಿ ಊರೂರಿಗೆ ಓದಿ ಹೇಳದೆ ಪರ ವಿರೋಧ ಕೇಳುವುದು ನ್ಯಾಯವಲ್ಲ.

ಈ ಎಳೆದಾಟದಲ್ಲಿ ಜನರ ಕೈಯಲ್ಲಿರುವ ಬಲವಾದ ಸಾಧನ 2006ರ ಅರಣ್ಯ ಹಕ್ಕು ಕಾಯ್ದೆ. ವೈಯಕ್ತಿಕ ಸಾಗುವಳಿಗಷ್ಟೇ ಅಲ್ಲ, ಊರು ಪರಂಪರೆಯಿಂದ ಕಾಯ್ದುಕೊಂಡು ಬಂದ ಕಾಡನ್ನು ರಕ್ಷಿಸಿ ನಿರ್ವಹಿಸುವ ಸಾಮೂಹಿಕ ಹಕ್ಕಿಗೂ ಅದರಲ್ಲಿ ಅವಕಾಶವಿದೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ನಡೆದ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿಗಾರಿಕೆಯನ್ನು ಒಪ್ಪಲಿಲ್ಲ, ಬೆಟ್ಟ ಉಳಿಯಿತು.

ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿ ಅದನ್ನೇ ಅವಲಂಬಿಸಿದ್ದನ್ನು ತೋರಿಸಬೇಕು. ಇದು ಕಠಿಣವೇ ಸರಿ. ಆದರೆ ಸರ್ಕಾರಿ ಕಾಗದವೊಂದೇ ಸಾಕ್ಷ್ಯವಲ್ಲ. ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಮನೆ, ಸ್ಮಶಾನ, ದೇವರಬನಗಳನ್ನೂ ನಿಯಮಗಳು ಸಾಕ್ಷ್ಯವೆಂದು ಪರಿಗಣಿಸುತ್ತವೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಬಹುದು. ಉಪವಿಭಾಗ ಮಟ್ಟದ ಸಮಿತಿಯ ತೀರ್ಮಾನದ ವಿರುದ್ಧ 60 ದಿನಗಳೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಸಲ್ಲಿಸಬಹುದು. ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸುವಂತಿಲ್ಲ.

ಇಂಥ ಗ್ರಾಮಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಬರಬೇಕು. ಬಂದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸೊಪ್ಪು, ಸೌದೆ, ನೀರು ಹೊರುವವರ ಮಾತಿಲ್ಲದೆ ಬೆಟ್ಟದ ಲೆಕ್ಕ ಪೂರ್ಣವಾಗದು. ವಿದ್ಯಾರ್ಥಿಗಳು ಪಹಣಿ, ಗ್ರಾಮನಕ್ಷೆ, ಅರಣ್ಯದ ಪಟ್ಟಿ ಈ ಮೂರನ್ನೂ ಒಟ್ಟಿಗಿಟ್ಟು ಓದಲಿ. ಹಿರಿಯರು ಜೊತೆಗೆ ನಡೆದು ಗಡಿ, ಹಳ್ಳ, ಬನಗಳನ್ನು ತೋರಿಸಲಿ. ಹಾಗೆ ಸಿದ್ಧವಾದ ನಕ್ಷೆಯನ್ನು ಮುಂದಿನ ಗ್ರಾಮಸಭೆಯ ನಡಾವಳಿಗೆ ಸೇರಿಸುವುದೇ ಪ್ರತಿ ಊರೂ ಈ ಮಳೆಗಾಲಕ್ಕೆ ಮುನ್ನ ಮಾಡಬಹುದಾದ ಕೆಲಸ.