ಸೋಗು ಮತ್ತು ಸುಳ್ಳು



ನಟರ, ಮಂತ್ರಿಗಳ ಹೆಸರಿನಲ್ಲಿ ಬೇರೆ ಯಾರೋ ನಡೆಸುವ ಅಣಕು ಖಾತೆಗಳನ್ನು ಅಷ್ಟೊಂದು ಜನ ಏಕೆ ಹಿಂಬಾಲಿಸುತ್ತಾರೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಶ್ರೀಕೃಷ್ಣ ಪಾರಿಜಾತ ಬಲ್ಲವರು. ಅದನ್ನು ಆಟವಾಗಿ ರೂಪಿಸಿದ ತಮ್ಮಣ್ಣ ನಮ್ಮ ಕುಲಗೋಡದವರೇ. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಕೃಷ್ಣ ಹೆಂಡತಿಯ ಮುಂದೆ ಪೇಚಾಡುತ್ತಾನೆ. ದೊಡ್ಡವರ ಮನೆಯೂ ನಮ್ಮ ಮನೆಯಂತೆಯೇ ಎಂದು ಕಂಡಾಗ ಮನಸ್ಸು ಹಗುರಾಗುತ್ತದೆ. ನಾವು ಎದುರಿಗೆ ಆಡಲಾಗದ ಮಾತನ್ನು ಸೋಗಿನವನು ಆಡಿಬಿಡುತ್ತಾನೆ. ಅಣಕು ಖಾತೆಯ ಸೆಳೆತವೂ ಇದೇ.

ಆದರೆ ಆಟದಲ್ಲಿ ಮುಖದ ಬಣ್ಣ ಕಾಣುತ್ತದೆ, ಮೊಬೈಲಿನಲ್ಲಿ ಕಾಣದು. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. ಆ ಗಡಿಬಿಡಿಯಲ್ಲಿ ಸರ್ಕಾರ, ಪ್ರಧಾನಿ ಕಚೇರಿಯನ್ನು ಹೋಲುವ ಟ್ವಿಟರ್ ಖಾತೆಗಳನ್ನೂ ತೆಗೆಸಲು ಹೊರಟಿತು. ಅವುಗಳಲ್ಲಿ ಬರೀ ನಗೆಯವೂ ಇದ್ದವು. 2022ರ ನವೆಂಬರ್‌ನಲ್ಲಿ ಟ್ವಿಟರ್ 8 ಡಾಲರಿಗೆ ನೀಲಿ ಗುರುತು ಮಾರತೊಡಗಿದಾಗ, ಅಮೆರಿಕದ ಔಷಧ ಕಂಪನಿ ಎಲಿ ಲಿಲ್ಲಿಯ ಹೆಸರಿನ ನಕಲಿ ಖಾತೆಯೊಂದು ಇನ್ಸುಲಿನ್ ಇನ್ನು ಉಚಿತವೆಂದು ಸಾರಿತು. ಕಂಪನಿ ಕ್ಷಮೆ ಕೇಳಬೇಕಾಯಿತು. ಅಲ್ಲಿ ಇನ್ಸುಲಿನ್ ಎಷ್ಟು ದುಬಾರಿ ಎಂಬ ಮಾತು ಆ ಸುಳ್ಳಿನಿಂದಲೇ ಮತ್ತೆ ಚರ್ಚೆಗೆ ಬಂತು, ಅದೂ ನಿಜ.

ನಮ್ಮಲ್ಲಿ ಬಹಳ ಮಂದಿ ಖಾತೆಯನ್ನೇ ನೋಡುವುದಿಲ್ಲ. ವಾಟ್ಸಾಪ್‌ಗೆ ಬಂದ ಸ್ಕ್ರೀನ್‌ಶಾಟ್ ನೋಡುತ್ತಾರೆ. ಖಾತೆಯ ಪರಿಚಯದಲ್ಲಿ ಬರೆದ ‘ಅಣಕು’ ಎಂಬ ಮಾತು ಅದರೊಳಗೆ ಬರುವುದಿಲ್ಲ. ಮುಂದೆ ಕಳಿಸುವ ಮೊದಲು ಆ ಖಾತೆ ತೆರೆದು ಪರಿಚಯದ ಸಾಲು ಓದಿ. ಮೊನ್ನೆ ನಾನೇ ಓದದೆ ಮೂರು ಗುಂಪಿಗೆ ಕಳಿಸಿ ಮಗಳಿಂದ ಬೈಸಿಕೊಂಡೆ.