ಕಬ್ಬಿನ ನಾಡಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್



ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಹಂಗಾಮು ಸುರುವಾಯಿತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಹಗಲು ರಾತ್ರಿ ಕರಗುವುದಿಲ್ಲ. 1939ರಲ್ಲಿ ಶಿರಗಾಂವಕರ ಮನೆತನ ಕಟ್ಟಿದ ಸಕ್ಕರೆ ಕಾರ್ಖಾನೆಯ ಊರಿದು. ಬಾಯ್ಲರ್, ಟರ್ಬೈನ್, ಪಂಪು ಎಂದು ಎಂಜಿನಿಯರಿಂಗ್ ಪುಸ್ತಕದಲ್ಲಿ ಓದುವುದೆಲ್ಲ ಇಲ್ಲಿ ಕಣ್ಣೆದುರೇ ಓಡುತ್ತದೆ. ಹಾಗಿದ್ದ ಮೇಲೆ ನಮ್ಮ ಎಂಜಿನಿಯರಿಂಗ್ ಮಕ್ಕಳ ಕೊನೆಯ ವರ್ಷದ ಪ್ರಾಜೆಕ್ಟ್ ಎಲ್ಲಿ ಹುಟ್ಟಬೇಕು? ಇವತ್ತು ಆ ಪ್ರಾಜೆಕ್ಟ್ ಬೆಳೆದು ಬಂದ ದಾರಿಯನ್ನು ನೋಡೋಣ.

ಕೈಯಿಂದ ಮಾಡಿ ಕಲಿಯುವ ರೂಢಿ ಇಲ್ಲಿ ಕಾಲೇಜುಗಳಿಗಿಂತ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂದು ರೈತರು ಮೊದಮೊದಲು ಹಿಂಜರಿದರಂತೆ. ಆದರೂ ಕಿರ್ಲೋಸ್ಕರರು ಬಿಡಲಿಲ್ಲ. 1910ರಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದು ನಿಂತಿತು.

ಕಾಲೇಜುಗಳು ಬಂದದ್ದು ಆಮೇಲೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು, ಗಡಿಯಾಚೆಗಿನ ಸಾಂಗಲಿಯ ಎಂಜಿನಿಯರಿಂಗ್ ಕಾಲೇಜು, ಎರಡೂ ಬಂದದ್ದು 1947ರಲ್ಲಿ. 1979ರಲ್ಲಿ ಬೆಳಗಾವಿ ನಗರಕ್ಕೇ ಕಾಲೇಜುಗಳು ಬಂದವು. 1996ರಲ್ಲಿ ಸಂಕೇಶ್ವರದ ಹತ್ತಿರ ನಿಡಸೋಸಿಯಲ್ಲಿ, ಮುಂದೆ ಚಿಕ್ಕೋಡಿ, ನಿಪ್ಪಾಣಿಗಳಲ್ಲಿ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಬೆಳಗಾವಿಗೆ ಬಂತು.

ಪ್ರಾಜೆಕ್ಟಿನ ಇತಿಹಾಸದ ದೊಡ್ಡ ತಿರುವು ಮಾತ್ರ ಬೆಂಗಳೂರಿನದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಕೇಂದ್ರವನ್ನು ಕಟ್ಟಿದರು. ಹಳ್ಳಿಯ ಒಲೆ, ನೀರು, ಮನೆಗಳೂ ವಿಜ್ಞಾನಿಯ ಕೆಲಸವೇ ಎಂದು ಅದು ತೋರಿಸಿಕೊಟ್ಟಿತು. ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ ಹುಟ್ಟಿದ್ದು ಅಲ್ಲಿಯೇ. ಮರುವರ್ಷ, ಅದೇ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆರಂಭವಾಯಿತು. ಎಪ್ಪತ್ತರ ದಶಕ ಮುಗಿಯುವ ಮೊದಲೇ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ಶುರುಮಾಡಿತು. ಕೊನೆಯ ವರ್ಷದ ತಂಡ ತನ್ನ ಮಾರ್ಗದರ್ಶಕರೊಂದಿಗೆ ಪ್ರಸ್ತಾವ ಕಳಿಸಬೇಕು. ಆಯ್ಕೆಯಾದರೆ ಸಾಮಾನು ಕೊಳ್ಳಲು ಕೆಲವು ಸಾವಿರ ರೂಪಾಯಿ ನೆರವು, ನಡುವೆ ಪರಿಶೀಲನೆ, ಕೊನೆಗೆ ರಾಜ್ಯಮಟ್ಟದ ಪ್ರದರ್ಶನ. 2022-23ರಲ್ಲಿ ಇದರ 46ನೆಯ ಸರಣಿ ನಡೆಯಿತು. ಹಣ ಚಿಕ್ಕದು, ಆದರೆ ಹಳ್ಳಿಯ ಹುಡುಗಿ ಮಾಡಿದ ಯಂತ್ರವನ್ನು ನಾಡಿನ ವಿಜ್ಞಾನಿಗಳು ನಿಂತು ನೋಡುತ್ತಾರೆಂಬ ಭರವಸೆ ಬಹಳ ದೊಡ್ಡದು.

ಅದಕ್ಕೇ ಇವತ್ತಿನ ಒಂದು ಕಾಯಿಲೆ ನನಗೆ ಸಂಕಟ ತರುತ್ತದೆ. ಮಾದರಿ, ವರದಿ, ಪ್ರೋಗ್ರಾಂ ಎಲ್ಲ ಸೇರಿಸಿ ರೆಡಿಮೇಡ್ ಪ್ರಾಜೆಕ್ಟ್ ಮಾರುವವರು ಪೇಟೆಗಳಲ್ಲಿದ್ದಾರೆ. ಕೊಂಡು ತಂದವರಿಗೆ ಅಂಕ ಸಿಗುತ್ತದೆ, ಕೈಗೆ ಕೆಲಸ ಹತ್ತುವುದಿಲ್ಲ.

ವಿಷಯಗಳಿಗೆ ನಮ್ಮಲ್ಲಿ ಬರವೇ? ಬೆಲ್ಲದ ಗಾಣಕ್ಕೆ ಹೋಗಿ ನೋಡಿ. ಕಬ್ಬಿನ ಸಿಪ್ಪೆ ಒಣಗಿಸಿ ಉರಿಹಾಕುತ್ತಾರೆ. ಶಾಖದಲ್ಲಿ ದೊಡ್ಡ ಪಾಲು ಚಿಮಣಿಯಿಂದ ಹೊರಗೆ ಹೋಗುತ್ತದೆ. ಒಂದು ಕಡಾಯಿಗೆ ಎಷ್ಟು ಸಿಪ್ಪೆ ಉರಿಯಿತು, ಅದರಲ್ಲಿ ತೇವ ಎಷ್ಟಿತ್ತು, ಹೊಗೆ ಎಷ್ಟು ಬಿಸಿ, ಬೆಲ್ಲ ಎಷ್ಟು ಇಳಿಯಿತು ಎಂದು ಅಳೆಯುವುದರಿಂದಲೇ ಪ್ರಾಜೆಕ್ಟ್ ಶುರುವಾಗುತ್ತದೆ. ಆ ಹೊಗೆಯ ಬಿಸಿಯಿಂದ ಹಸಿ ಹಾಲನ್ನು, ಅಂದರೆ ಕಬ್ಬಿನ ರಸವನ್ನು, ಮೊದಲೇ ಕಾಯಿಸಬಹುದೇ ಎಂಬುದು ಮುಂದಿನ ವಿನ್ಯಾಸ. ಹೊಲದಲ್ಲಿ ಸುಡುವ ರವದಿಯನ್ನು, ಅಂದರೆ ಕಬ್ಬಿನ ಒಣ ಎಲೆಯನ್ನು, ಪುಡಿಮಾಡಿ ಮಣ್ಣಿಗೆ ಸೇರಿಸುವ ಅಗ್ಗದ ಯಂತ್ರ ಇನ್ನೊಂದು. ಸಿವಿಲ್ ಓದುವವರಿಗೆ ಕೃಷ್ಣೆಯ ದಂಡೆಯ ಸವಳು-ಜವಳು ಭೂಮಿಯೇ ಪಾಠಶಾಲೆ: ಅಥಣಿ, ರಾಯಬಾಗ, ಕಾಗವಾಡದ ಕಡೆ ಅತಿನೀರಾವರಿಯಿಂದ ಹಾಳಾದ ಹೊಲದ ನೆಲದಡಿ ಕೊಳವೆ ಹಾಕಿ ನೀರು ಬಸಿಯುವ ಲೆಕ್ಕ ಮಾಡಲಿ. 2019ರ ಮಹಾಪೂರ ಕಂಡ ಊರುಗಳಲ್ಲಿ ನೀರಿನ ಮಟ್ಟ ಅಳೆದು ಎಚ್ಚರಿಸುವ ಸಾಧನ ಎಲೆಕ್ಟ್ರಾನಿಕ್ಸ್ ತಂಡಕ್ಕೆ ಕಾದಿದೆ.

ರೈತ ಬಂಧುಗಳೇ, ನಿಮ್ಮ ಹೊಲದ, ಗಾಣದ ತೊಡಕನ್ನು ಹತ್ತಿರದ ಕಾಲೇಜಿಗೆ ಹೋಗಿ ಹೇಳಿ. ಮಕ್ಕಳೇ, ಏಳನೆಯ ಸೆಮಿಸ್ಟರ್‌ಗೆ ಮೊದಲಿನ ರಜೆಯಲ್ಲೇ ಅಳತೆಯ ಪಟ್ಟಿ, ಥರ್ಮಾಮೀಟರ್ ಹಿಡಿದು ಅವರ ಬಳಿಗೆ ಹೋಗಿ.