ಅಂಕೋರಿಗೆ ಹೊರಡುವವರಿಗೆ ನಾಲ್ಕು ಮಾತು
(ರೇಡಿಯೊ ಭಾಷಣ)



ಆಳಂದ, ಅಫಜಲಪುರ, ಜೇವರ್ಗಿಗಳ ನಮ್ಮ ಜನರಿಗೆ ಯಾತ್ರೆಯೆಂಬುದು ಹೊಸತಲ್ಲ. ಗಾಣಗಾಪುರದ ಸಂಗಮಸ್ನಾನ, ಆಳಂದದ ದರ್ಗಾದ ಉರುಸು, ಆಷಾಢದ ಪಂಢರಪುರದ ದಿಂಡಿ, ಇವುಗಳಲ್ಲಿ ಒಂದಕ್ಕಾದರೂ ಹೋಗದ ಮನೆ ನಮ್ಮಲ್ಲಿ ವಿರಳ. ಬುತ್ತಿ ಕಟ್ಟುವುದನ್ನಾಗಲಿ, ಹೋದಲ್ಲಿ ತಲೆಬಾಗುವುದನ್ನಾಗಲಿ ಯಾರೂ ನಮಗೆ ಕಲಿಸಬೇಕಾಗಿಲ್ಲ. ಆದರೆ ಮಕ್ಕಳು ಬೆಂಗಳೂರು, ಹೈದರಾಬಾದುಗಳಲ್ಲಿ ನೌಕರಿಗೆ ನಿಂತ ಮೇಲೆ ಯಾತ್ರೆಯ ಎಲ್ಲೆ ಸಮುದ್ರವನ್ನೂ ದಾಟಿದೆ. ನಿವೃತ್ತ ಶಿಕ್ಷಕರು, ಗೃಹಿಣಿಯರು, ವ್ಯಾಪಾರಸ್ಥರು ಇಂದು ಆಗ್ನೇಯ ಏಷ್ಯದ ನಾಡುಗಳಿಗೆ ಹೊರಡುತ್ತಿದ್ದಾರೆ. ಅವುಗಳಲ್ಲಿ ಕಾಂಬೋಡಿಯ ಒಂದು. ಅಲ್ಲಿಗೆ ಹೊರಡುವವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಕಾಂಬೋಡಿಯದ ಮಟ್ಟಿಗೆ ಮೊದಲು ಕೋಶ, ಆಮೇಲೆ ದೇಶ ಎನ್ನುವುದು ಲೇಸು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಸನ್ನತಿಯನ್ನು ನೋಡದೆ ಅಂಕೋರಿಗೆ ಹೋಗಬೇಡಿ. ಭೀಮಾತೀರದ ಆ ಊರಿನ ನೆರೆಯ ಕನಗನಹಳ್ಳಿಯಲ್ಲಿ ಸುಣ್ಣಕಲ್ಲಿನ ಬೌದ್ಧಸ್ತೂಪವಿದೆ. ಅಶೋಕನ ಹೆಸರನ್ನೇ ಕೊರೆದ ರಾಜಶಿಲ್ಪ ಅಲ್ಲಿ ದೊರೆತಿದೆ. ಬೌದ್ಧ ಶಿಲ್ಪವನ್ನು ಮನೆಯಂಗಳದಲ್ಲಿ ಕಂಡ ಕಣ್ಣಿಗೆ ದೂರದ ಶಿಲ್ಪವೂ ಬೇಗ ಒಲಿಯುತ್ತದೆ.

ಮೊದಲು ಕಾಲದ ವಿಚಾರ. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಪ್ರವಾಸಕ್ಕೆ ಹಿತಕರ. ನಮ್ಮ ಸೀಮೆಯ ಬಿಸಿಲುಂಡವರು ಏಪ್ರಿಲಿನಲ್ಲಿಯೂ ಹೋಗಬಹುದಲ್ಲವೆ ಎಂದು ಕೇಳಬಹುದು. ನಮ್ಮ ಬಿಸಿಲು ಸುಡುತ್ತದೆ, ಅಲ್ಲಿಯ ಬಿಸಿಲು ಬೇಯಿಸುತ್ತದೆ. ತೇವ ತುಂಬಿದ ಆ ಸೆಕೆ ವಯಸ್ಸಾದವರನ್ನು ಬೇಗನೆ ದಣಿಸುತ್ತದೆ. ಮುಂಜಾನೆ, ಸಂಜೆ ತಿರುಗಿ, ನಡುಹಗಲು ವಿಶ್ರಮಿಸುವುದು ಜಾಣತನ.

ಇನ್ನು ದಾರಿ. ಹೈದರಾಬಾದು ಇಲ್ಲವೆ ಬೆಂಗಳೂರಿನಿಂದ ಬ್ಯಾಂಕಾಕಿಗೋ ಮತ್ತೊಂದು ನಗರಕ್ಕೋ ಹೋಗಿ, ಅಲ್ಲಿ ವಿಮಾನ ಬದಲಿಸಿ ಸಿಯೆಮ್ ರೀಪ್ ಎಂಬ ಊರನ್ನು ಸೇರಬಹುದು. ೨೦೨೩ರ ಅಕ್ಟೋಬರಿನಲ್ಲಿ ತೆರೆದ ಹೊಸ ವಿಮಾನ ನಿಲ್ದಾಣ ಊರಿನಿಂದ ನಲವತ್ತು ಐವತ್ತು ಕಿಲೋಮೀಟರು ದೂರದಲ್ಲಿದೆ. ಹೆಚ್ಚುಕಡಿಮೆ ಆಳಂದದಿಂದ ಕಲಬುರಗಿಗೆ ಹೋದಷ್ಟು. ಆದ್ದರಿಂದ ರಾತ್ರಿ ಇಳಿಯುವವರು ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಥಾಯ್ಲೆಂಡಿನಿಂದ ನೆಲದ ಮೇಲೆ ಗಡಿ ದಾಟುವ ಯೋಚನೆ ಇದ್ದರೆ ಎಚ್ಚರ. ೨೦೨೫ರ ಜುಲೈಯಲ್ಲಿ, ಮತ್ತೆ ಡಿಸೆಂಬರಿನಲ್ಲಿ, ಎರಡು ದೇಶಗಳ ಸೇನೆಗಳು ಗಡಿಯಲ್ಲಿ ಕಾದಿದವು. ನಮ್ಮ ವಿದೇಶಾಂಗ ಇಲಾಖೆಯ ಸೂಚನೆಯನ್ನು ಓದಿಯೇ ಹೊರಡಬೇಕು. ವೀಸಾವನ್ನು ಕಾಂಬೋಡಿಯ ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ಪಡೆಯಿರಿ.

ಹಣದ ವಿಷಯ. ಅಲ್ಲಿಯ ನಾಣ್ಯ ರಿಯೆಲ್. ಒಂದು ಡಾಲರಿಗೆ ಸುಮಾರು ನಾಲ್ಕು ಸಾವಿರ. ಡಾಲರೂ ನಡೆಯುತ್ತದೆ, ಆದರೆ ಹರಿದ, ಕಲೆಯಾದ ನೋಟನ್ನು ಮುಟ್ಟುವುದಿಲ್ಲ. ರಿಯೆಲ್ ನೋಟನ್ನು ಕೈಗೆತ್ತಿಕೊಂಡವರು ಒಂದು ಕ್ಷಣ ಬೆರಗಾಗುತ್ತಾರೆ. ಅದರ ಮೇಲಿನ ಖ್ಮೇರ್ ಅಂಕಿಗಳಲ್ಲಿ ಕೆಲವು ನಮ್ಮ ಕನ್ನಡ ಅಂಕಿಗಳಂತೆಯೇ ಕಾಣುತ್ತವೆ. ಇದು ಆಕಸ್ಮಿಕವಲ್ಲ. ಅವರ ಲಿಪಿಯೂ ನಮ್ಮ ಲಿಪಿಯೂ ಬ್ರಾಹ್ಮಿಯ ದಕ್ಷಿಣದ ಕವಲುಗಳಿಂದ ಬಂದ ದಾಯಾದಿಗಳು. ಅವರ ಹಳೆಯ ಶಾಸನಗಳೂ ನಮ್ಮವುಗಳಂತೆ ಶಕವರ್ಷದಲ್ಲಿಯೇ ಕಾಲ ಹೇಳುತ್ತವೆ. ಶಕವರ್ಷ ೬೦೫ರ, ಎಂದರೆ ಕ್ರಿ.ಶ. ೬೮೩ರ, ಒಂದು ಶಾಸನದಲ್ಲಿ ಸೊನ್ನೆಯನ್ನು ಒಂದು ಚುಕ್ಕೆಯಾಗಿ ಬರೆದಿದೆ. ಕಾಲ ನಿಶ್ಚಿತವಾಗಿರುವ ಅತಿ ಹಳೆಯ ಸೊನ್ನೆಗಳಲ್ಲಿ ಅದು ಒಂದು.

ಅಂಕೋರಿನ ಪ್ರವೇಶಪತ್ರ ದುಬಾರಿ. ಒಂದು ದಿನಕ್ಕೆ ೩೭ ಡಾಲರು, ಮೂರು ದಿನಕ್ಕೆ ೬೨ ಎಂಬ ದರ ೨೦೧೭ರಲ್ಲಿ ಜಾರಿಗೆ ಬಂದಿತು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುತ್ತೇವೆಂಬ ಹಟ ಬೇಡ. ಮೂರು ದಿನದ ಚೀಟಿ ಕೊಂಡು ನಿಧಾನವಾಗಿ ನೋಡಿ.

ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ಕಟ್ಟಿಸಿದ ಅಂಕೋರ್ ವಾಟ್ ವಿಷ್ಣುವಿನ ಗುಡಿ. ಮುಂದೆ ಅದು ಬೌದ್ಧಕ್ಷೇತ್ರವಾಯಿತು. ಅದು ಪಶ್ಚಿಮಾಭಿಮುಖವಾಗಿದೆ. ಒಳಹೊಕ್ಕ ನಮ್ಮವರು ರೂಢಿಯಂತೆ ಪ್ರದಕ್ಷಿಣೆ ಬರುತ್ತಾರೆ. ಆಗ ಕಥೆ ತಿರುಗುಮುರುಗಾಗುತ್ತದೆ. ಅಲ್ಲಿಯ ಭಿತ್ತಿಶಿಲ್ಪಗಳನ್ನು ಅಪ್ರದಕ್ಷಿಣವಾಗಿ, ಗರ್ಭಗುಡಿಯನ್ನು ಎಡಕ್ಕೆ ಇಟ್ಟುಕೊಂಡು ಓದಬೇಕು. ಪಶ್ಚಿಮದ ಬಾಗಿಲಿನಿಂದ ಬಲಕ್ಕೆ ತಿರುಗಿದರೆ ಮೊದಲು ಎದುರಾಗುವುದು ಕುರುಕ್ಷೇತ್ರ. ಶರಶಯ್ಯೆಯ ಮೇಲಿನ ಭೀಷ್ಮ ಅಲ್ಲಿದ್ದಾನೆ. ಪಂಪನನ್ನೋ ಕುಮಾರವ್ಯಾಸನನ್ನೋ ಓದಿದವರು ಅಲ್ಲಿ ತುಸು ಹೊತ್ತು ನಿಲ್ಲದೆ ಮುಂದೆ ಹೋಗಲಾರರು. ಪೂರ್ವದ ಪಡಸಾಲೆಯಲ್ಲಿ ಸಮುದ್ರಮಥನ. ಒಂದೇ ಶಿಲ್ಪದ ಉದ್ದ ೪೯ ಮೀಟರು. ಇನ್ನೊಂದು ದಿನ ಬಂಟೇ ಸ್ರೇಗೆ ಹೋಗಿ. ಕ್ರಿ.ಶ. ೯೬೭ರಲ್ಲಿ ಪ್ರತಿಷ್ಠೆಯಾದ ಆ ಚಿಕ್ಕ ಶಿವಾಲಯದ ಕೆಂಗಲ್ಲಿನಲ್ಲಿ ಕೈಲಾಸವನ್ನು ಅಲುಗಿಸುವ ರಾವಣನಿದ್ದಾನೆ.

ಬರಗಾಲವನ್ನು ಬಲ್ಲ ನಮ್ಮ ಸೀಮೆಯವರು ನೋಡಲೇಬೇಕಾದುದು ಪಶ್ಚಿಮ ಬರಾಯ್ ಎಂಬ ಕೆರೆ. ಸುಮಾರು ಎಂಟು ಕಿಲೋಮೀಟರು ಉದ್ದ, ಎರಡು ಕಿಲೋಮೀಟರು ಅಗಲ. ನೆಲ ತೋಡಿ ಅಲ್ಲ, ಸುತ್ತ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಹನ್ನೊಂದನೆಯ ಶತಮಾನದ ಆ ಕೆರೆಯಲ್ಲಿ ಇಂದಿಗೂ ನೀರಿದೆ. ಅಮರ್ಜಾ ಅಣೆಕಟ್ಟನ್ನು ಕಂಡ ರೈತನಿಗೆ ಈ ಏರಿಯ ಮರ್ಮ ಬೇರೆಯವರಿಗಿಂತ ಬೇಗ ತಿಳಿಯುತ್ತದೆ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಸಹಜ. ಅಲ್ಲಿಯ ಪಲ್ಯದಲ್ಲಿಯೂ ಮೀನಿನ ರಸ ಬೆರೆತಿರುವುದು ಸಾಮಾನ್ಯ. ಪ್ರವಾಸಿಗರಿರುವ ಊರುಗಳಲ್ಲಿ ಭಾರತೀಯ ಊಟದ ಮನೆಗಳಿವೆ. ಆದರೂ ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಗಂಟೊಂದು ಜೊತೆಗಿದ್ದರೆ ಧೈರ್ಯ. ನೀರನ್ನು ಮುಚ್ಚಿದ ಬಾಟಲಿಯಿಂದಲೇ ಕುಡಿಯಿರಿ. ಸೊಳ್ಳೆಯಿಂದ ಮೈ ಕಾಯ್ದುಕೊಳ್ಳಿ. ಗುಡಿಗಳಲ್ಲಿ ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ಅವರೂ ಕೈಜೋಡಿಸಿ ವಂದಿಸುವವರೇ. ಮಕ್ಕಳ ತಲೆ ಮುಟ್ಟುವುದು ಅಲ್ಲಿ ಸಲ್ಲದು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಗಡಿಯ ಒಳನಾಡುಗಳಲ್ಲಿ ಹಳೆಯ ಯುದ್ಧದ ನೆಲಬಾಂಬುಗಳು ಇನ್ನೂ ಉಳಿದಿರುವುದರಿಂದ ನಡೆದ ದಾರಿಯನ್ನು ಬಿಟ್ಟು ಹೋಗಬೇಡಿ.

ಇಲ್ಲಿ ಒಂದು ಗಂಭೀರ ಎಚ್ಚರಿಕೆಯನ್ನು ನಮ್ಮ ತರುಣರಿಗೆ ಹೇಳಬೇಕು. ಕಾಂಬೋಡಿಯದಲ್ಲಿ ಕಂಪ್ಯೂಟರಿನ ನೌಕರಿ, ಕೈತುಂಬ ಸಂಬಳ ಎಂದು ನಂಬಿಸಿ ಕರೆದೊಯ್ದು, ಪಾಸ್‌ಪೋರ್ಟು ಕಿತ್ತುಕೊಂಡು, ಅಂತರಜಾಲದ ವಂಚನೆಗೆ ದುಡಿಸುವ ಕೂಟಗಳಿವೆ. ಅಲ್ಲಿ ಸಿಲುಕಿದ ಅನೇಕ ಭಾರತೀಯರನ್ನು ನಮ್ಮ ಸರ್ಕಾರ ೨೦೨೪ರಲ್ಲಿ ಬಿಡಿಸಿ ತಂದಿತು. ನಮ್ಮ ಕಲಬುರಗಿ ಜಿಲ್ಲೆಯ ಹುಡುಗರೇ ೨೦೨೩ರ ಕೊನೆಗೆ ಕೆಲಸದ ಆಸೆಯಿಂದ ರಷ್ಯಕ್ಕೆ ಹೋಗಿ ಯುದ್ಧಭೂಮಿ ಸೇರಿದ್ದು, ಮರುವರ್ಷ ಮರಳಿ ಬಂದದ್ದು ನಿಮಗೆ ನೆನಪಿರಬಹುದು. ಪ್ರವಾಸಿ ವೀಸಾದ ಮೇಲೆ ನೌಕರಿ ಕೊಡಿಸುತ್ತೇನೆನ್ನುವ ಮಧ್ಯಸ್ಥ ಎಷ್ಟೇ ಪರಿಚಿತನಾಗಿರಲಿ, ನಂಬಬೇಡಿ. ಪಾಸ್‌ಪೋರ್ಟನ್ನು ಅಂಥವರ ವಶಕ್ಕೆ ಕೊಡಬೇಡಿ. ತಾಯಿತಂದೆಗಳು ಈ ಮಾತನ್ನು ಮನೆಯಲ್ಲಿ ಆಡಬೇಕು.

ಕೊನೆಯದಾಗಿ ಒಂದು ಸ್ಥಳ. ರಾಜಧಾನಿ ಫ್ನಾಮ್ ಪೆನ್‌ನಲ್ಲಿ ಟುವೋಲ್ ಸ್ಲೆಂಗ್ ಎಂಬ ವಸ್ತುಸಂಗ್ರಹಾಲಯವಿದೆ. ಮೊದಲು ಅದೊಂದು ಪ್ರೌಢಶಾಲೆ. ೧೯೭೫ರಿಂದ ೧೯೭೯ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಪಾಠದ ಕೋಣೆಗಳು ಚಿತ್ರಹಿಂಸೆಯ ಕೋಣೆಗಳಾದವು. ಆ ನಾಲ್ಕು ವರ್ಷಗಳಲ್ಲಿ ದೇಶದ ಜನರಲ್ಲಿ ಸರಿಸುಮಾರು ನಾಲ್ಕರಲ್ಲೊಂದು ಪಾಲು ಅಳಿದರು. ಓದುಬರಹ ಬಲ್ಲವರು, ಶಿಕ್ಷಕರು ವಿಶೇಷವಾಗಿ ಬಲಿಯಾದರು. ಜೀವಮಾನವೆಲ್ಲ ಪಾಠಶಾಲೆಯಲ್ಲಿ ಕಳೆದ ನನ್ನಂಥವರಿಗೆ ಇದನ್ನು ಹೇಳುವುದೇ ಕಷ್ಟ. ೨೦೨೫ರಲ್ಲಿ ಯುನೆಸ್ಕೊ ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಹೋದವರು ಮೌನವಾಗಿರಬೇಕು. ನಗುತ್ತ ಭಾವಚಿತ್ರ ತೆಗೆಸಿಕೊಳ್ಳಬಾರದು.

ಅಂಕೋರನ್ನು ನೋಡಿ ಬಂದ ನಮ್ಮವರಲ್ಲಿ ಹಲವರು “ಅದೆಲ್ಲ ನಮ್ಮದೇ” ಎನ್ನುತ್ತಾರೆ. ಕಥೆ ನಮ್ಮಿಂದ ಹೋಗಿರಬಹುದು, ಲಿಪಿಯ ಬೀಜವೂ ಹೋಗಿರಬಹುದು. ಕಲ್ಲು ಹೊತ್ತವರು, ಏರಿ ಹಾಕಿದವರು, ಎಲ್ಲವನ್ನೂ ಕಳೆದುಕೊಂಡ ಮೇಲೂ ಆ ಗುಡಿಯಲ್ಲಿ ದೀಪ ಹಚ್ಚುತ್ತಿರುವವರು ಖ್ಮೇರ್ ಜನ. ನಂಟರ ಮನೆಗೆ ಹೋದವರು ಆ ಮನೆಯ ಹಿತ್ತಲನ್ನು ಅಳೆಯುವುದಿಲ್ಲ, ಯೋಗಕ್ಷೇಮ ಕೇಳುತ್ತಾರೆ. ಅಷ್ಟು ಮರ್ಯಾದೆಯನ್ನು ಗಂಟಿನಲ್ಲಿ ಕಟ್ಟಿಕೊಂಡು ಹೊರಡಿ.